ಬಯ್ಯಲೊಂದು ಜಗಲಿ

ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಮೊಬೈಲಿನಲ್ಲಿ ಸುದ್ದಿ ಬಂತು. ನಾನು ನೋಡುವ ಹೊರದೇಶದ ಫುಟ್‌ಬಾಲ್ ಲೀಗು ನನ್ನ ಮೆಚ್ಚಿನ ತಂಡದ ಪಂದ್ಯವೊಂದನ್ನು ಅದರ ಸ್ವಂತ ಊರು ಬಿಟ್ಟು, ಸಮುದ್ರ ದಾಟಿ, ಬೇರೆ ದೇಶದಲ್ಲಿ ಆಡಿಸುತ್ತದಂತೆ. ಜಗತ್ತಿನ ಅಭಿಮಾನಿಗಳಿಗೆ ಹತ್ತಿರವಾಗಬೇಕಂತೆ. ಜಗತ್ತಿನ ಅಭಿಮಾನಿ ಅಂದರೆ ನಾನೇ ಸ್ವಾಮಿ, ದೇವನಹಳ್ಳಿ ಪಕ್ಕದ ಹಳ್ಳಿಯವನು. ವಿಮಾನ ನಿಲ್ದಾಣದಲ್ಲಿ ಕ್ಯಾಬ್ ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುವಾಗ ಮೊಬೈಲಿನಲ್ಲಿ ಮ್ಯಾಚು ನೋಡಿ ಹತ್ತಿದ ಚಟ ಇದು. ಆ ತಂಡದ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ; ಆದರೂ ‘ನಮ್ಮ ಟೀಮು’ ಅನ್ನುತ್ತೇನೆ. ಸುದ್ದಿ ಓದಿ ಮೊದಲು ಹಿಗ್ಗಿದೆ. ಒಂದು ಗುಟುಕು ಇಳಿಯುವಷ್ಟರಲ್ಲಿ ಹಿಗ್ಗೂ ಇಳಿಯಿತು. ಇದು ನಮ್ಮೂರಲ್ಲಿ ಆಗಲೇ ಆಗಿಹೋಗಿತ್ತಲ್ಲ.

ನಮ್ಮೂರ ಲೀಗಿನಲ್ಲಿ ಇದ್ದದ್ದು ಎರಡೇ ತಂಡ, ಮೇಲಿನ ಬೀದಿ ಮತ್ತು ಕೆಳಗಿನ ಬೀದಿ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಮನೆ ಮುಂದಿನ ಬಯಲಿನಲ್ಲಿ ಕಬಡ್ಡಿ. ಸೋತ ಬೀದಿಯವರು ಗೆದ್ದವರಿಗೆ ಬಾಡೂಟ ಹಾಕಬೇಕು. ನಾನು ಕೆಳಗಿನ ಬೀದಿಯ ಆಟಗಾರ. ನಮ್ಮಮ್ಮನಾದರೋ ಮೇಲಿನ ಬೀದಿಯಲ್ಲಿ ಹುಟ್ಟಿ ಕೆಳಗಿನ ಬೀದಿಗೆ ಸೊಸೆಯಾಗಿ ಬಂದವಳು. ವರ್ಷವೆಲ್ಲ ಗಂಡನ ಮನೆಯವಳು, ಆ ಒಂದು ಮಧ್ಯಾಹ್ನ ಮಾತ್ರ ತವರಿನವಳು. ನಾನು ರೈಡಿಗೆ ಹೊರಟರೆ ಸಾಕು, ಜಗಲಿಯ ತುದಿಗೆ ಜರುಗಿ ನನ್ನನ್ನು ಬಾಯ್ತುಂಬ ಬಯ್ದು, ಎದುರು ತಂಡದಲ್ಲಿದ್ದ ತನ್ನ ಅಣ್ಣನ ಮಕ್ಕಳಿಗೆ ಕೂಗಿ ಹೇಳುತ್ತಿದ್ದಳು:

“ಎಡಗಾಲು ಹಿಡ್ಕಳ್ರೋ, ಎಡಗಾಲು. ಅದ್ರಲ್ಲಿ ಅವನಿಗೆ ಬಲ ಇಲ್ಲ.”

ಹೆತ್ತವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ನನ್ನ ಎಡಗಾಲು ಸಿಕ್ಕಿಬೀಳುತ್ತಿತ್ತು, ಬೀದಿ ಸೋಲುತ್ತಿತ್ತು. ಅಪ್ಪ ಆಟ ಮುಗಿಯುವ ಮೊದಲೇ ಮಾಂಸ ತರಲು ಎದ್ದು ಹೋಗುತ್ತಿದ್ದರು.

ವಿಮಾನ ನಿಲ್ದಾಣ ಬಂತು, ಅದರ ಹಿಂದೆ ದೊಡ್ಡ ಹೋಟೆಲುಗಳು ಬಂದವು. ಒಂದು ಹೋಟೆಲಿನ ಮ್ಯಾನೇಜರು ಬಂದು, ಹೊರದೇಶದ ಅತಿಥಿಗಳಿಗೆ ಹಳ್ಳಿ ಆಟ ತೋರಿಸಬೇಕು, ಈ ಸಲ ನಮ್ಮ ಹುಲ್ಲುಹಾಸಿನ ಮೇಲೆ ಆಡಿ, ಜರ್ಸಿ, ಊಟ ಎಲ್ಲ ನಮ್ಮದು ಎಂದರು. ಯಾವುದಕ್ಕೂ ಒಪ್ಪದ ಎರಡು ಬೀದಿಗಳು ಅವತ್ತು ಒಂದೇ ಬಾಯಲ್ಲಿ ಹೂಂ ಅಂದವು. ನನಗಂತೂ ಜರ್ಸಿಯ ಬೆನ್ನ ಮೇಲೆ ಹೆಸರು ಬರುತ್ತದೆ ಎಂಬ ಸಂಭ್ರಮ.

ಹೊಸತೊಡಕಿನ ದಿನ ನಮ್ಮನ್ನು ವ್ಯಾನಿನಲ್ಲಿ ಕರೆದೊಯ್ದರು. ಹಿಂದೆಯೇ ಟೆಂಪೋದಲ್ಲಿ ಹೆಂಗಸರು, ಹಬ್ಬದ ಸೀರೆಯಲ್ಲಿ. ಗೇಟಿನಲ್ಲಿ ಕಾವಲಿನವನು ಟೆಂಪೋ ತಡೆದ. ಒಳಗೆ ಆಟಗಾರರಿಗೆ ಮಾತ್ರ ಪಾಸು. ಅಮ್ಮ ಇಳಿದು ಅವನಿಗೆ ತಿಳಿಯಹೇಳಿದಳು:

“ನನ್ ಮಗ ಆಡೋದು ಕಣಪ್ಪಾ. ಅವನ್ನ ಸೋಲ್ಸಕ್ಕೆ ನಾನಿರ್ಬೇಕು.”

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೂ ಈ ಮಾತು ಅರ್ಥವಾಗುತ್ತಿತ್ತೋ ಇಲ್ಲವೋ.

ಒಳಗೆ ನಾನು ದಂಗುಬಡಿದು ನಿಂತೆ. ಅತಿಥಿಗಳು ಬಲು ಒಳ್ಳೆಯವರು, ಹಿಡಿದರೂ ಚಪ್ಪಾಳೆ, ತಪ್ಪಿಸಿಕೊಂಡರೂ ಚಪ್ಪಾಳೆ. ಒಬ್ಬರಾದರೂ ಬಯ್ಯಬಾರದೇ? ನನ್ನ ಮಾವನ ಮಕ್ಕಳು ಆಗಾಗ ಗೇಟಿನ ಕಡೆ ನೋಡುತ್ತಿದ್ದರು. ವರ್ಷವರ್ಷ ಕೇಳಿದ ಮಾತೇ ಆದರೂ ಆ ಕೂಗಿಲ್ಲದೆ ಅವರ ಕೈ ಏಳಲಿಲ್ಲ. ನನ್ನ ಎಡಗಾಲನ್ನು ಯಾರೂ ಮುಟ್ಟಲಿಲ್ಲ. ನಾವು ಗೆದ್ದೆವು. ಗೆದ್ದವರಿಗೂ ಸೋತವರಿಗೂ ಒಂದೇ ಬಫೆ ಎಂದು ತಿಳಿದಾಗ ತಟ್ಟೆ ಹಿಡಿದ ನನಗೆ ಅಳು ಬಂತು.

ಹೊರಗೆ ಬಂದರೆ ಅಮ್ಮ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಿದ್ದಳು. ಎಡಗಾಲು ಹಿಡಿದರೇನೋ ಎಂದು ಕೇಳಿದಳು. ಇಲ್ಲ, ಗೆದ್ದೆವು ಎಂದೆ. ಅವಳ ಮುಖ ನೋಡಲಾಗಲಿಲ್ಲ.

ಮರುವರ್ಷವೂ ಹೋಟೆಲಿಗೇ ಹೋದೆವು. ಅದರ ಮುಂದಿನ ವರ್ಷ ಅವರು ಕರೆಯಲಿಲ್ಲ. ನಾವೇ ಆಡೋಣವೆಂದರೆ ಅಷ್ಟರಲ್ಲಿ ನಮ್ಮ ಬಯಲಿಗೆ ಯಾರದೋ ಲೇಔಟಿನ ಜಲ್ಲಿ ಬಂದು ಬಿದ್ದಿತ್ತು. ಆಟ ಅಲ್ಲಿಗೆ ನಿಂತಿತು. ಆಮೇಲೆ ನನ್ನನ್ನು ಅಷ್ಟು ಪ್ರೀತಿಯಿಂದ ಯಾರೂ ಬಯ್ದಿಲ್ಲ.

ಇವತ್ತು ಅಮ್ಮ ಅದೇ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಹೋಗಿ ಫುಟ್‌ಬಾಲಿನ ಸುದ್ದಿ ಹೇಳಿದೆ. ಅವಳು ತಲೆ ಎತ್ತದೆಯೇ ಕೇಳಿದಳು:

“ಅಲ್ಲ ಕಣೋ, ಆ ಊರಿನೋರು ಎಲ್ಲಿ ಕೂತ್ಕಂಡು ಬಯ್ಬೇಕು?”

ಮೊಬೈಲು ತೆಗೆದು, ಆ ಊರಿನ ಹೆಸರನ್ನು ಮೊದಲ ಸಲ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ಬಾಯಿಬಿಟ್ಟು ಓದಿದೆ.