ಪಿಳ್ಳಮ್ಮ ದಾಟುವವರೆಗೆ ನಿಂತ ಹಾಡು

ಮೂರು ವರ್ಷದ ಹಿಂದಿನ ಮಾತು. ಶೆಟ್ಟಿಹಳ್ಳಿಯ ಸೌಂಡ್ ಸರ್ವಿಸ್ ಅಂಗಡಿ ಆಗ ಇನ್ನೂ ನನ್ನ ಕೈಯಲ್ಲಿತ್ತು. ಈಗ ಮಗಳು ನೋಡಿಕೊಳ್ಳುತ್ತಾಳೆ. ಗಂಡ ಶುರು ಮಾಡಿದ ಕಸುಬು. ಅವರು ಹೋದ ಮೇಲೆ ಎಲ್ಲವನ್ನೂ ಮಾರಿಬಿಡು ಎಂದವರೇ ಹೆಚ್ಚು. ಮಾರಲಿಲ್ಲ. ಮದುವೆ, ಗಣೇಶ, ರಾಜ್ಯೋತ್ಸವ, ಎಲ್ಲಕ್ಕೂ ಮೈಕು, ಸ್ಪೀಕರು, ಜನರೇಟರು ಕೊಟ್ಟೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಯಾವ ತಂತಿ ಎಲ್ಲಿಗೆ ಎನ್ನುವುದನ್ನು ಕೈ ಸುಟ್ಟುಕೊಂಡು ಕಲಿತೆ.

ಒಂದು ಶುಕ್ರವಾರ ವಿದ್ಯಾರಣ್ಯಪುರದಿಂದ ನಾಲ್ವರು ಹುಡುಗಿಯರು ಬಂದರು. ಹಾಡುವವಳು ಸಿಂಧು, ಡ್ರಮ್ಸ್ ಬಾರಿಸುವವಳು ಫರೀನ್, ಉಳಿದಿಬ್ಬರು ಗಿಟಾರಿನವರು. ಅವರದು ಹಾರ್ಡ್ ರಾಕ್. ಗಿಟಾರನ್ನು ಕಿರುಚಿಸಿ, ಡ್ರಮ್ಸ್ ಚಚ್ಚಿ, ಗಂಟಲು ಹರಿಯುವಂತೆ ಹಾಡುವ ಸಂಗೀತ. ದೊಡ್ಡದೊಂದು ಸಂಗೀತ ಉತ್ಸವಕ್ಕೆ ಹೊಸ ಬ್ಯಾಂಡುಗಳನ್ನು ಆರಿಸುತ್ತಿದ್ದರಂತೆ. ಜನರ ಮುಂದೆ ನುಡಿಸಬೇಕು, ಶುರುವಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ರೆಕಾರ್ಡ್ ಆಗಬೇಕು, ಮಧ್ಯೆ ಕತ್ತರಿಸಿ ಅಂಟಿಸಿದರೆ ತಗೊಳ್ಳುವುದಿಲ್ಲ. ಭಾನುವಾರ ಸಂಜೆಯೊಳಗೆ ಕಳಿಸಬೇಕು. ಇವರು ಗೊತ್ತು ಮಾಡಿದ್ದ ಸಭಾಂಗಣದವರು, ಹುಡುಗಿಯರು ಕಿರುಚುವ ಕಾರ್ಯಕ್ರಮ ಎಂದು ಗೊತ್ತಾದ ಕೂಡಲೇ ಇಲ್ಲ ಎಂದಿದ್ದರು.

ಆರು ವರ್ಷದಿಂದ ನುಡಿಸುತ್ತಿದ್ದೀವಿ, ನೆಟ್ಟಗಿರುವ ಒಂದು ಲೈವ್ ರೆಕಾರ್ಡಿಂಗ್ ಇಲ್ಲ, ಈ ಸಲ ತಪ್ಪಿದರೆ ಬ್ಯಾಂಡ್ ಉಳಿಯುವುದಿಲ್ಲ ಎಂದಳು ಸಿಂಧು. ಅಳಲಿಲ್ಲ, ಬೇಡಲಿಲ್ಲ. ಅದು ನನಗೆ ಹಿಡಿಸಿತು. ಅಂಗಡಿಯ ಹಿಂದಿನ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತೇನೆ, ಜನರನ್ನೂ ನಾನೇ ಕೂಡಿಸುತ್ತೇನೆ ಎಂದೆ. ನಮ್ಮ ಆಪರೇಟರ್ ನಾಗರಾಜ ಇಪ್ಪತ್ತು ವರ್ಷದಿಂದ ನನ್ನ ಜೊತೆ ಇದ್ದವನು. ಹುಡುಗಿಯರು ಹೊರಟ ಮೇಲೆ ಹೇಳಿದ: "ಅಮ್ಮಾ, ಇವ್ರ್ ಸದ್ದಿಗೆ ನಮ್ ಸ್ಪೀಕರ್ ಉಳೀತಾವಾ?"

ಭಾನುವಾರ ಬೆಳಿಗ್ಗೆ ಮೇಲಿನ ಬೀದಿಯ ಪಿಳ್ಳಮ್ಮ ತೀರಿಕೊಂಡಳು. ವಯಸ್ಸಾಗಿತ್ತು. ಸೌಂಡ್ ಕಮ್ಮಿ ಮಾಡು ಎಂದು ಅವಳು ನಮ್ಮ ಗೇಟಿನ ಮುಂದೆ ನಿಂತು ಬೈದಷ್ಟು ಪೊಲೀಸರೂ ಬೈದಿಲ್ಲ. ಹೋಗಿ ಮುಖ ನೋಡಿ, ಹಾರ ಹಾಕಿ ಬಂದೆ. ಅವಳ ಮಗ ಮುನಿರಾಜುವನ್ನು ಎಷ್ಟು ಹೊತ್ತಿಗೆ, ಯಾವ ದಾರಿ ಎಂದು ಕೇಳಿಕೊಂಡೆ. ಕೇಳಲು ಕಾರಣವಿತ್ತು. ಹೆಣ ದಾಟುವಾಗ ನಮ್ಮ ಸೆಟ್ಟಿನಿಂದ ಸದ್ದು ಬರಕೂಡದು. ಗಂಡನ ಕಾಲದಿಂದ ಇರುವ ಪದ್ಧತಿ. ಮದುವೆ ಮನೆಯವರು ಜಗಳ ತೆಗೆದರೂ ಬಿಟ್ಟಿಲ್ಲ. ಮಧ್ಯಾಹ್ನಕ್ಕೆ ಎತ್ತುತ್ತೇವೆ, ಮೇನ್ ರೋಡಿನಲ್ಲಿ ಹೋಗುತ್ತೇವೆ ಎಂದ ಮುನಿರಾಜು. ಹುಡುಗಿಯರಿಗೆ ಮೂರು ಗಂಟೆಗೆ ಶುರು ಮಾಡಿ ಎಂದೆ.

ಮಿಕ್ಸರ್ ಎಂದರೆ ಎಲ್ಲ ಮೈಕಿನ ತಂತಿಗಳೂ ಬಂದು ಸೇರುವ ಪೆಟ್ಟಿಗೆ. ಅಲ್ಲಿಂದ ಒಂದು ದಾರಿ ಸ್ಪೀಕರಿಗೆ ಹೋಗುತ್ತದೆ, ಇನ್ನೊಂದು ದಾರಿ ರೆಕಾರ್ಡಿಂಗಿಗೆ. ಒಂದನ್ನು ಮುಚ್ಚಿದರೂ ಇನ್ನೊಂದು ಓಡುತ್ತದೆ. ಜನರ ಚಪ್ಪಾಳೆಯೂ ಬರಲಿ ಎಂದು ನಾಗರಾಜ ಗೇಟಿನ ಹತ್ತಿರ ಎರಡು ಮೈಕ್ ನಿಲ್ಲಿಸಿದ್ದ. ಜನ ತುಂಬಿದರು. ಹುಡುಗಿಯರ ಸ್ನೇಹಿತರು, ಪಿಜಿ ಹುಡುಗರು, ನಮ್ಮ ಉಳಿತಾಯ ಸಂಘದ ಹೆಂಗಸರು. ಹೆಂಗಸರಿಗೆಲ್ಲ ಕಿವಿಗೆ ಇಟ್ಟುಕೊಳ್ಳಲು ಹತ್ತಿ ಹಂಚಿದ್ದೆ.

ಎರಡು ಹಾಡು ಚೆನ್ನಾಗಿ ಹೋದವು. ಮೂರನೆಯದು ಅರ್ಧ ಆಗಿತ್ತು. ಹೆಡ್‌ಫೋನಿನಲ್ಲಿ ಗೇಟಿನ ಮೈಕ್ ಕೇಳುತ್ತಿದ್ದ ನಾಗರಾಜ ನನ್ನ ಮುಖ ನೋಡಿದ. ಆಮೇಲೆ ನನಗೂ ಕೇಳಿತು: ತಮಟೆ.

ಹೊಸೂರಿನಿಂದ ಪಿಳ್ಳಮ್ಮನ ಮಗಳು ಬರುವುದು ತಡವಾಗಿ ಹೆಣ ಎತ್ತುವುದೂ ತಡವಾಗಿತ್ತು. ಮೇನ್ ರೋಡಿನಲ್ಲಿ ಪೈಪು ಹಾಕಲು ಅಗೆದ ಗುಂಡಿಗೆ ಲಾರಿ ಇಳಿದು ದಾರಿ ಕಟ್ಟಿತ್ತು. ಪಿಳ್ಳಮ್ಮ ನಮ್ಮ ಬೀದಿಗೇ ಬಂದಳು.

ಮಿಕ್ಸರಿನ ಮೇಲೆ ಬೆರಳಿಟ್ಟು ಸ್ಪೀಕರಿನ ದಾರಿಯನ್ನು ಪೂರ್ತಿ ಇಳಿಸಿದೆ. ರೆಕಾರ್ಡಿಂಗ್ ಮುಟ್ಟಲಿಲ್ಲ. ಡ್ರಮ್ಸಿಗೆ ಸ್ಪೀಕರ್ ಬೇಕಿಲ್ಲ, ಹಾಗಾಗಿ ಫರೀನಳತ್ತ ಕೈ ಎತ್ತಿದೆ. ಅವಳು ತಮಟೆ ಕೇಳಿಸಿಕೊಂಡಳು, ನಡುಗುತ್ತಿದ್ದ ಕಂಚಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡಗಿಸಿದಳು. ಗಿಟಾರಿನವರೂ ನಿಂತರು. ಸಿಂಧು ಮಾತ್ರ ಮೈಕ್ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ಅಜ್ಜಿ, ಏನ್ ಮಾಡ್ತಿದೀರಾ? ಕಟ್ ಆದ್ರೆ ನಮ್ ಕತೆ ಮುಗೀತು."

"ರೆಕಾರ್ಡಿಂಗ್ ಓಡ್ತಾ ಐತೆ ಕಣೇ. ಪಿಳ್ಳಮ್ಮ ದಾಟ್ಲಿ. ಅಲ್ಲೀಗಂಟ ಬಾಯ್ ಮುಚ್ಕೊಂಡ್ ನಿಂತ್ಕೋ."

ಇದೆಲ್ಲ ಅವಳ ಕೈಯಲ್ಲಿದ್ದ ಮೈಕಿನಲ್ಲಿ ರೆಕಾರ್ಡ್ ಆಗುತ್ತಿದೆ ಎನ್ನುವುದು ಇಬ್ಬರಿಗೂ ನೆನಪಿರಲಿಲ್ಲ.

ಬೇಗ ದಾಟಿದ್ದರೆ ಒಂದು ರೀತಿ. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಹೆಗಲು ಬದಲಿಸುವುದು ನಮ್ಮ ಕಡೆಯ ಪದ್ಧತಿ. ಆ ಅರ್ಧ ದಾರಿ ಸರಿಯಾಗಿ ನಮ್ಮ ಗೇಟಿನ ಮುಂದೆ ಬಂತು. ತಮಟೆಯವರು ಅಲ್ಲೇ ನಿಂತು ಜೋರಾಗಿ ಬಾರಿಸಿದರು. ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತರು. ಸಿಂಧುವಿನ ಮುಖ ಕೆಂಪಗಾಗಿತ್ತು. ಅವಳ ಆರು ವರ್ಷ ನನ್ನ ಒಂದು ಬೆರಳಿನ ಕೆಳಗೆ ನಿಂತಿದೆ ಎಂದು ನನಗೂ ಗೊತ್ತಿತ್ತು. ಆದರೂ ಬೆರಳು ತೆಗೆಯಲಿಲ್ಲ. ಒಂದು ಸಲ ಬಿಟ್ಟರೆ ಅದು ಪದ್ಧತಿಯಲ್ಲ, ಅನುಕೂಲ.

ಮೆರವಣಿಗೆ ಮೂಲೆ ತಿರುಗಿದ ಮೇಲೆ ಸ್ಪೀಕರ್ ಏರಿಸಿ ತಲೆ ಆಡಿಸಿದೆ. ಮೊದಲಿನಿಂದ ಶುರು ಮಾಡುತ್ತಾರೆ ಎಂದುಕೊಂಡಿದ್ದೆ. ಫರೀನ್ ಎರಡು ಕೋಲು ತಟ್ಟಿ, ನಿಲ್ಲಿಸಿದ ಸಾಲಿಗೇ ನೇರವಾಗಿ ಇಳಿದಳು. ಮೊದಲಿಗಿಂತ ಓಟ ಜಾಸ್ತಿ ಇತ್ತು, ತಮಟೆ ಹೋಗುತ್ತಿದ್ದ ಓಟ. ಸಿಂಧು ನನ್ನನ್ನೇ ನೋಡಿಕೊಂಡು ಹಾಡಿದಳು. ನನ್ನ ಮೇಲಿನ ಸಿಟ್ಟೆಲ್ಲ ಗಂಟಲಿಗೆ ಬಂದಿತ್ತು. ಹತ್ತಿ ಇಟ್ಟುಕೊಂಡ ಹೆಂಗಸರೂ ಹತ್ತಿ ತೆಗೆದರು.

ಮುಗಿಯುವಷ್ಟರಲ್ಲಿ ಅವಳ ಗಂಟಲು ಕೂತಿತ್ತು. ಮತ್ತೆ ನುಡಿಸುವ ಮಾತೇ ಇಲ್ಲ. ಕೇಳಿ ನೋಡಿದರೆ ತಮಟೆ ಇದೆ, ಚಟ್ಟ ಹೊತ್ತವರ ಕೂಗು ಇದೆ, ನನ್ನ ಬೈಗುಳವೂ ಇದೆ. ಇದನ್ನು ಯಾರು ತಗೋತಾರೆ ಎಂದು ಸಿಂಧು ಕೂತ ಗಂಟಲಿನಲ್ಲೇ ಜಗಳಕ್ಕೆ ಬಂದಳು. ಅವಳು ಕೇಳಿದ್ದು ನ್ಯಾಯವಾಗಿತ್ತು. ಮಧ್ಯೆ ಇಷ್ಟು ಹೊತ್ತು ಹಾಡೇ ಇರಲಿಲ್ಲ.

ಫರೀನ್ ತಂತಿ ಸುತ್ತುತ್ತಾ ಹೇಳಿದಳು: "ಕಟ್ ಇರ್ಬಾರ್ದು ಅಂದ್ರು, ಕಟ್ ಇಲ್ಲ. ಕಳ್ಸು ಮಗಾ."

ಕಳಿಸಿದರು. ಉತ್ಸವದವರು ತಿಂಗಳಾದ ಮೇಲೆ ತಗೊಂಡರು. ದೊಡ್ಡ ವೇದಿಕೆ ಕೊಡಲಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಸಣ್ಣದೊಂದು ಕೊಟ್ಟರು. ಬ್ಯಾಂಡ್ ಈಗಲೂ ಇದೆ. ಆದರೆ ಆಮೇಲಿನ ರೆಕಾರ್ಡಿಂಗುಗಳೆಲ್ಲ ಸ್ಟುಡಿಯೋದಲ್ಲಿ ಆದವು. ಹಾಗೆ ಜನರ ಮುಂದೆ ಒಂದೇ ಓಟದಲ್ಲಿ ಆದದ್ದು ಅದೊಂದೇ. ಅದನ್ನು ಇಂಟರ್ನೆಟ್ಟಿನಲ್ಲಿ ಕೇಳಿದ ಯಾರ್‍ಯಾರೋ ಹುಡುಗಿಯರು ಅಂಗಡಿ ಹುಡುಕಿಕೊಂಡು ಬಂದು, ಬಾಯ್ ಮುಚ್ಕೊಂಡ್ ನಿಂತ್ಕೋ ಅಂದ ಅಜ್ಜಿ ನೀವೇನಾ ಎಂದು ಕೇಳಿದ್ದಾರೆ. ಹೌದು ಎಂದು ಕಳಿಸಿದ್ದೇನೆ.

ಪಿಳ್ಳಮ್ಮನ ತಿಥಿ ಮುಗಿದ ವಾರ ಮುನಿರಾಜು ಬಂದ. ಬಾಗಿಲಲ್ಲೇ ನಿಂತ.

"ಅವ್ವನ ತಮಟೆ ನಿಮ್ ಮಿಷನ್‌ನಾಗೆ ಐತಂತಲ್ಲ ಅಕ್ಕ. ನಮ್ಮೋರ್ ಯಾರೂ ರೆಕಾರ್ಡ್ ಮಾಡ್ಕೊಂಡಿಲ್ಲ."

ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂರಿಸಿ, ಸಣ್ಣದಾಗಿ ಹಾಕಿದೆ. ತಮಟೆ ಬಂತು, ಹೋಯಿತು. ನಿಲ್ಲಿಸಲು ಕೈ ಇಟ್ಟೆ, ಇರಲಿ ಎಂದ. ಸಿಂಧುವಿನ ಹಾಡು ಮತ್ತೆ ಶುರುವಾಯಿತು. ನೆಲ ನೋಡಿಕೊಂಡು ಸ್ವಲ್ಪ ಹೊತ್ತು ಕೇಳಿದ.

"ಇನ್ನೊಂದ್ ಚೂರು ಜೋರಾಗ್ ಇಡಕ್ಕ," ಎಂದ.

ಆ ಮನೆಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಜೋರಾಗಿ ಇಟ್ಟೆ.

ಅಂಗಡಿಯನ್ನು ಮಗಳ ಕೈಗೆ ಕೊಡುವಾಗ ನಾನು ಹೇಳಿದ್ದು ಇಷ್ಟೇ. ಸ್ಪೀಕರ್ ಮುಚ್ಚಬೇಕಾದಾಗ ಯಾರ ಮುಖವನ್ನೂ ನೋಡದೆ ಮುಚ್ಚು. ರೆಕಾರ್ಡಿಂಗ್ ಮಾತ್ರ ನಿಲ್ಲಿಸಬೇಡ.