ಗವಿಯ ಕಲ್ಲಿಗೆ ಅವ್ವ ಹಚ್ಚಿದ ಕುಂಕುಮ

ಘಟ್ಟದ ಮೇಲಿನ ಸುಣ್ಣಕಲ್ಲಿನ ಗವಿ ನೋಡಲು ಹೋದ ಮಗಳು ಇವತ್ತು ಅಲ್ಲಿಂದ ಫೋಟೋ ಕಳಿಸಿದಳು. ಒದ್ದೆ ಸುಣ್ಣದ ವಾಸನೆ ಬಂದರಿನ ಪಕ್ಕದ ಸಡಾ ಬಡಾವಣೆಯ ನಮ್ಮ ಮನೆಯವರೆಗೂ ಬಂದಂತಾಯಿತು.

ನಾನು ಚಿಕ್ಕವಳಿದ್ದಾಗ, ಬಂದರಿನಲ್ಲಿ ದುಡಿಯುತ್ತಿದ್ದ ಅಪ್ಪ ನಮ್ಮನ್ನೆಲ್ಲ ಅದೇ ಗವಿಗೆ ಕರೆದೊಯ್ದಿದ್ದ. ಒಳಗೆ, ನೆಲದಿಂದ ಎದ್ದು ನಿಂತ ಒಂದು ಕಲ್ಲಿನ ನೆತ್ತಿಗೆ ಮೇಲಿನಿಂದ ಹನಿಹನಿಯಾಗಿ ನೀರು ಬೀಳುತ್ತಿತ್ತು. ಅವ್ವನಿಗೆ ಅದು ಲಿಂಗವೇ. ಸಂಚಿಯಿಂದ ಕುಂಕುಮ ತೆಗೆದು ಎರಡು ಬೆರಳಲ್ಲಿ ಹಚ್ಚಿಯೇಬಿಟ್ಟಳು.

“ಮುಟ್ಟಬ್ಯಾಡ್ರಿ ಅಂತ ಹೇಳಿಲ್ಲೇನ್ರಿ? ಕೈ ತಾಗಿದ್ರ ಕಲ್ಲು ಬೆಳಿಯೂದು ನಿಂದರ್ತೈತ್ರಿ!” ಎಂದು ಗೈಡ್ ಕೂಗಿದ.

ಎಲ್ಲರೂ ತಿರುಗಿ ನೋಡಿದರು. “ಬುದ್ಧಿ ಐತೇನ ನಿನಗ? ಒರಸು,” ಎಂದ ಅಪ್ಪ. ಅವ್ವ ಸೆರಗಿನಿಂದ ತಿಕ್ಕಿದಳು, ಪೂರ್ತಿ ಹೋಗಲಿಲ್ಲ. ಆಮೇಲೆ ಎಲ್ಲಿಗೆ ಕರೆದರೂ, “ನೀವ್ ಹೋಗಿ ಬರ್ರಿ, ನಾ ಮನ್ಯಾಗ ಇರ್ತೇನಿ,” ಎನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಒಂದು ದಿನ ತೀರಿಕೊಂಡಳು.

ಮಗಳ ಫೋಟೋದಲ್ಲಿ ಇದ್ದದ್ದು ಅದೇ ಕಲ್ಲು; ಹಿಗ್ಗಿಸಿ ನೋಡಿದೆ. ಕಲ್ಲು ಬೆಳೆಯುವುದು ನಿಂತಿಲ್ಲ. ಕುಂಕುಮದ ಮೇಲೆ ಗಾಜಿನಂಥ ತೆಳುವಾದ ಪದರ ಕಟ್ಟಿದೆ. ಅದರ ಕೆಳಗೆ ಎರಡು ಬೆರಳ ಗುರುತು ಮಸುಕು ಕೆಂಪಾಗಿ ಹಾಗೇ ಇದೆ.

ಅಪ್ಪನಿಗೆ ತೋರಿಸಿದೆ. ಮೊಬೈಲ್ ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಒರಸು ಅನಬಾರದಿತ್ತವಾ ನಾ,” ಎಂದ.