ಹೆಬ್ಬೆರಳು ಆಡಿತೆಂದು ನಾನು ಹೇಳಿದ ಸುಳ್ಳು

ದಟ್ಟಗಳ್ಳಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕ್ ತೊಳೆಯಲು ಹತ್ತಿದ ನನ್ನ ಗಂಡ ಕಾಲು ಜಾರಿ ಕೆಳಗೆ ಬಿದ್ದರು. ಇಪ್ಪತ್ತು ವರ್ಷ ಸಿಟಿ ಬಸ್ ಓಡಿಸಿದ ಮನುಷ್ಯ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ಪರ್ಶವೂ ಹೋಯಿತು, ಅಲುಗಾಟವೂ ನಿಂತಿತು. ಆಪರೇಷನ್ ಮಾಡಿದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಇನ್ನು ವ್ಯಾಯಾಮವೊಂದೇ ದಾರಿ ಎಂದು ಮನೆಗೆ ಕಳಿಸಿದರು.

ಎಂಟು ತಿಂಗಳು ಕಳೆಯಿತು. ಬೆನ್ನಿನಲ್ಲಿ ಹುಣ್ಣಾಗದಿರಲೆಂದು ಗಳಿಗೆಗೊಮ್ಮೆ ಅವರನ್ನು ಹೊರಳಿಸುತ್ತಿದ್ದೆ. ಮಿಕ್ಕ ಹೊತ್ತು ಮೊಬೈಲ್ ಹಿಡಿದು ಏನಾದರೂ ಔಷಧಿ ಇದೆಯೇ ಎಂದು ಹುಡುಕುತ್ತಿದ್ದೆ. ಎಕ್ಸೋಸೋಮ್ ಎಂಬ ಹೆಸರು ಸಿಕ್ಕಿದ್ದು ಹಾಗೆ. ಅದನ್ನು ಕೊಡುವ ಖಾಸಗಿ ಕ್ಲಿನಿಕ್ ಒಂದು ಊರಲ್ಲೇ ಇತ್ತು.

“ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲ ಹೊರಗೆ ಬಿಡ್ತವೆ ಕಣಮ್ಮ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸೋದು ಅದರಲ್ಲೇ. ಅದೇ ಎಕ್ಸೋಸೋಮ್” ಎಂದರು ಅಲ್ಲಿಯ ಡಾಕ್ಟರು. “ಅದನ್ನ ಬೆನ್ನಿಗೆ ಕೊಟ್ರೆ, ಕೆಟ್ಟಿರೋ ನರ ರಿಪೇರಿ ಆಗೋಕೆ ಶುರುವಾಗುತ್ತೆ.”

ಸರ್ಕಾರಿ ಡಾಕ್ಟರನ್ನು ಹೋಗಿ ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. “ಇಲಿಗಳ ಮೇಲೆ ಪ್ರಯೋಗ ನಡೀತಿರೋದು ನಿಜ. ಆದರೆ ಮನುಷ್ಯರಿಗೆ ಕೊಡೋ ಹಂತಕ್ಕೆ ಇನ್ನೂ ಬಂದಿಲ್ಲ. ಹೋಗ್ಬೇಡಿ.”

“ಹಂಗಾದ್ರೆ ನಾನೇನು ಮಾಡ್ಲಿ ಸಾರ್?”

ಅವರು ಮತ್ತೆ ವ್ಯಾಯಾಮದ ಚೀಟಿಯನ್ನೇ ಬರೆದುಕೊಟ್ಟರು. ನಾನು ಕ್ಲಿನಿಕ್‌ಗೆ ಹೋದೆ.

ಮೊದಲ ಇಂಜೆಕ್ಷನ್ ಆದಮೇಲೆ ಎರಡು ದಿನ ಜ್ವರ. ಆಮೇಲೆ ದಿನಾ ಬೆಳಿಗ್ಗೆ ಪಾದಕ್ಕೆ ಎಣ್ಣೆ ಹಚ್ಚುವಾಗ ಅವರು ದಿಂಬಿನ ಮೇಲಿಂದ ಕೇಳುವರು: “ಏನಾದ್ರೂ ಆಡ್ತಾ?” ಇಲ್ಲ ಎನ್ನುವೆ. ಅವರು ಗೋಡೆಯ ಕಡೆ ಮುಖ ತಿರುಗಿಸುವರು. ಹನ್ನೊಂದನೆಯ ದಿನ ನನ್ನಿಂದ ತಡೆಯಲಾಗಲಿಲ್ಲ.

“ಆಡ್ತು ರೀ. ಹೆಬ್ಬೆರಳು. ಈಗ ತಾನೇ!”

ಅವರು ನನ್ನ ಮುಖವನ್ನೇ ನೋಡಿದರು. ನಾನು ತಿಂಡಿ ತಿಂದು ಬಂದಮೇಲೆ, “ಹಂಗಾದ್ರೆ ಇನ್ನೊಂದು ಸಲ ಹೋಗೋಣ” ಎಂದರು. ಸುಳ್ಳೆಂದು ಹೇಳದೆ ನಾನು ಕ್ಲಿನಿಕ್‌ಗೆ ಫೋನ್ ಮಾಡಿದೆ.

ಎರಡನೆಯ ಇಂಜೆಕ್ಷನ್ ಆದ ಮೇಲೆ ಜ್ವರ ನೆತ್ತಿಗೇರಿತು. ಮೈ ನಡುಗಿ ಮಾತು ತೊದಲಿತು. ಸರ್ಕಾರಿ ಆಸ್ಪತ್ರೆಗೇ ಸೇರಿಸಬೇಕಾಯಿತು. ಆ ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವರನ್ನು ನನ್ನ ಕೈಯಾರೆ ಕೊಂದುಬಿಟ್ಟೆ ಎಂದೇ ನಾಲ್ಕು ದಿನ ವಾರ್ಡಿನ ಬೆಂಚಿನ ಮೇಲೆ ಕೂತಿದ್ದೆ. ಐದನೆಯ ದಿನ ಜ್ವರ ಇಳಿಯಿತು. ಅವರು ಕಣ್ಣು ಬಿಟ್ಟಾಗ ಕೈ ಹಿಡಿದು ಹೇಳಿದೆ.

“ಹೆಬ್ಬೆರಳು ಆಡ್ಲಿಲ್ಲ ರೀ. ಸುಳ್ಳು ಹೇಳ್ಬುಟ್ಟೆ.”

“ಗೊತ್ತು ಕಣೇ. ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಇನ್ನೊಂದು ಸಲ ಹೋಗೋಣ ಅಂದ್ರಿ?”

“ಅವತ್ತು ಅದನ್ನ ಹೇಳಿ ಎದ್ದು ಹೋಗಿ, ಎಷ್ಟೋ ತಿಂಗಳಾದ್ಮೇಲೆ ಕೂತ್ಕೊಂಡು ತಿಂಡಿ ತಿಂದೆ ನೀನು. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.”

ವಾರ್ಡಿನವರೆಲ್ಲ ನೋಡುತ್ತಿದ್ದರೂ ನಾನು ಮಂಚದ ಅಂಚಿಗೆ ತಲೆಯಿಟ್ಟು ಅತ್ತೆ.

ಕ್ಲಿನಿಕ್‌ನಿಂದ ಮೂರನೆಯ ಇಂಜೆಕ್ಷನ್‌ಗೆ ಫೋನ್ ಬಂದಾಗ ಬೇಡವೆಂದು ಇಟ್ಟುಬಿಟ್ಟೆ. ಅವರ ಕಾಲು ಇಂದಿಗೂ ಹಾಗೇ ಇದೆ. ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ತಾವೇ ಬರುತ್ತಾರೆ, ಅಷ್ಟೇ. ಆದರೂ ಎಕ್ಸೋಸೋಮ್ ಎಂದು ಪೇಪರಿನಲ್ಲಿ ಎಲ್ಲಾದರೂ ಕಂಡರೆ, ಮಾಡುವ ಕೆಲಸ ಬಿಟ್ಟು, ಅವರಿಗೆ ಕಾಣದ ಹಾಗೆ ಅಡುಗೆಮನೆಯಲ್ಲಿ ನಿಂತು ಕೊನೆಯ ಸಾಲಿನವರೆಗೂ ಓದುತ್ತೇನೆ.